ಬಿಳಿಗಿರಿಯ ಸೋಲಿಗ ತರುಣರು ಮತ್ತು ಕಾಡಿನ ವ್ಯಾಜ್ಯ

ಯಳಂದೂರಿನೊಡನೆ ಹೆಸರು ಬೆಸೆದುಕೊಂಡ ಮಹಾಕವಿ ಷಡಕ್ಷರದೇವರನ್ನು ಸದ್ಭಕ್ತರು ‘ರಾಜಶೇಖರ ವಿಲಾಸ’ ಮತ್ತು ‘ವೃಷಭೇಂದ್ರ ವಿಜಯ’ಗಳ ಕರ್ತೃವೆಂದೇ ಹೆಚ್ಚಾಗಿ ಬಲ್ಲರು. ಅವರ ಇನ್ನೊಂದು ಕಾವ್ಯ ‘ಶಬರಶಂಕರ ವಿಲಾಸ’ದ ವಸ್ತು, ಸರಳವಾಗಿ ಹೇಳುವುದಾದರೆ, ಒಂದು ವ್ಯಾಜ್ಯ. ಕಾಡುಹಂದಿಯೊಂದು ಬಾಣಕ್ಕೆ ಬಿದ್ದಿದೆ, ಬೇಟೆ ಯಾರದು? ತಪಸ್ಸಿಗೆಂದು ಕಾಡಿಗೆ ಬಂದ ಅರ್ಜುನನು ತನ್ನದೆನ್ನುತ್ತಾನೆ, ಕಾಡಿನ ಶಬರನು ತನ್ನದೆನ್ನುತ್ತಾನೆ. ಮಾತು ಬೆಳೆದು ಕಾಳಗವಾಗುತ್ತದೆ. ಎದುರಿಗೆ ನಿಂತಿರುವ ಕಾಡಾಡಿಯೇ ಸಾಕ್ಷಾತ್ ಪರಶಿವನೆಂಬ ಅರಿವು ಮೂಡುವವರೆಗೆ ಅರ್ಜುನನ ಕೈ ತಗ್ಗುವುದಿಲ್ಲ. ಹದಿನೇಳನೆಯ ಶತಮಾನದ ಈ ಕವಿಯ ಹೆಸರು ನೆಲೆಸಿರುವ ಊರಿನ ಬೆನ್ನಿಗೇ ಬಿಳಿಗಿರಿಯ ಬೆಟ್ಟಸಾಲು ನಿಂತಿದೆ. ಆ ಬೆಟ್ಟದಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಥದೇ ಒಂದು ವ್ಯಾಜ್ಯ ಎದ್ದಿತು. ಕಾಡು ಯಾರದು? ನಾಡಿನಿಂದ ಬಂದ ಕಾನೂನಿನದೋ, ಕಾಡಿನೊಳಗೇ ಹುಟ್ಟಿ ಬೆಳೆದ ಸೋಲಿಗರದೋ? ಈ ಪ್ರಶ್ನೆಯನ್ನು ಸೋಲಿಗ ತರುಣರು ಕತ್ತಿ ಹಿಡಿಯದೆ, ಕಾಡು ತೊರೆಯದೆ ಹೊತ್ತು ನಡೆದ ಬಗೆ ಚಾಮರಾಜನಗರ ಸೀಮೆಯ ಇತ್ತೀಚಿನ ಇತಿಹಾಸದಲ್ಲಿ ವಿಶೇಷವಾದುದು.

ಸೋಲಿಗರು ವ್ಯಾಜ್ಯವನ್ನು ಬಗೆಹರಿಸುವ ವಿದ್ಯೆಯನ್ನು ಹೊರಗಿನವರಿಂದ ಕಲಿತವರಲ್ಲ. ಕಾಡಿನೊಳಗಿನ ಅವರ ವಸತಿಗೆ ಪೋಡು ಎಂದು ಹೆಸರು. ಪೋಡಿಗೆ ಯಜಮಾನನುಂಟು, ಕುಲದ ನ್ಯಾಯಕ್ಕೆ ಪಟ್ಟಗಾರ, ಚಲವಾದಿ ಮೊದಲಾದ ಹುದ್ದೆಗಳುಂಟು. ಜಗಳವಾದಾಗ ಎಲ್ಲರೂ ಸೇರಿ ಕುಳಿತು, ಇಬ್ಬರ ಮಾತನ್ನೂ ಕೇಳಿ, ತಪ್ಪಿಗೆ ತಕ್ಕ ಸಣ್ಣ ದಂಡ ವಿಧಿಸಿ, ಮತ್ತೆ ಒಟ್ಟಿಗೆ ಉಣ್ಣುವುದು ಅಲ್ಲಿಯ ಕ್ರಮ. ತರುಣ ತರುಣಿಯರ ವಿಷಯದಲ್ಲಿ ಈ ನ್ಯಾಯದ ಸೊಗಸು ಎದ್ದು ಕಾಣುತ್ತದೆ. ಒಲಿದ ಜೋಡಿ ಯಾರಿಗೂ ಹೇಳದೆ ಕಾಡಿಗೆ ಓಡಿಹೋಗುತ್ತದೆ. ಕೆಲವು ದಿನಗಳ ಮೇಲೆ ಮರಳುತ್ತದೆ. ಹಿರಿಯರು ಗದರುತ್ತಾರೆ, ಹುಡುಗನ ಕಡೆಯವರಿಂದ ದಂಡ ಕಟ್ಟಿಸುತ್ತಾರೆ, ಕುಲಕಟ್ಟಳೆಗೆ ಮೀರಿಲ್ಲವೆಂದಾದರೆ ಮದುವೆಯೆಂದು ಒಪ್ಪುತ್ತಾರೆ. ಅಲ್ಲಿಗೆ ಪ್ರಕರಣ ಮುಗಿಯಿತು. ಹರಳಯ್ಯ ಮಧುವರಸರ ಮಕ್ಕಳ ಮದುವೆಗೆ ಕಲ್ಯಾಣದ ಅರಮನೆ ಎಳೆಹೂಟೆಯ ಉತ್ತರ ಕೊಟ್ಟಿತೆಂಬುದನ್ನು ನೆನೆದವರಿಗೆ ಈ ಕಾಡಿನ ಪಂಚಾಯಿತಿಯ ಮೆದುತನ ಸಣ್ಣ ಸಂಗತಿಯಾಗಿ ತೋರಲಾರದು.

ನೆರೆಹೊರೆಯವರೊಡನೆ ಬಾಳುವ ಬಗೆಯನ್ನೂ ಅವರು ಕಥೆಯಲ್ಲಿ ಕಟ್ಟಿಟ್ಟಿದ್ದಾರೆ. ಬಿಳಿಗಿರಿಯ ರಂಗನಾಥನು ಸೋಲಿಗರ ಹೆಣ್ಣು ಕುಸುಮಾಲೆಯನ್ನು ಒಲಿದು ಮದುವೆಯಾದನೆಂಬುದು ಜನಪದ ಕಾವ್ಯ. ಆ ಕಾರಣದಿಂದ ಸೋಲಿಗರಿಗೆ ರಂಗನು ಇಂದಿಗೂ ‘ಭಾವ’. ದೇವರನ್ನು ಹಾಗೆಂದು ಕರೆದು ಹಾಸ್ಯ ಮಾಡುವ ಸಲಿಗೆ ಅವರಿಗಿದೆ. ಅದೇ ದೇವರಿಗೆ ಯಳಂದೂರು ಸೀಮೆಯ ಬೂದಿತಿಟ್ಟಿನ ಚಮ್ಮಾರ ಕುಲದವರು ಎರಡು ವರ್ಷಕ್ಕೊಮ್ಮೆ ಒಂದು ಅಡಿ ಒಂಬತ್ತು ಅಂಗುಲ ಉದ್ದದ ಚರ್ಮದ ಪಾದರಕ್ಷೆಗಳನ್ನು ಮಾಡಿ ಒಪ್ಪಿಸುತ್ತಾರೆ. ಬೆಟ್ಟದ ಜನ, ಬಯಲಿನ ಜನ, ಗುಡಿಯ ಅರ್ಚಕರು, ಹೀಗೆ ಒಬ್ಬರಿಗೊಬ್ಬರು ದೂರದವರಾದ ಮೂವರನ್ನು ಒಂದು ಕಥೆಯೂ ಒಂದು ಜೊತೆ ಪಾದರಕ್ಷೆಯೂ ಕಟ್ಟಿಹಾಕಿವೆ. ಪೂರ್ವದಿಕ್ಕಿನಲ್ಲಿ ಮಲೆಯ ಮಹದೇಶ್ವರರ ಕಾವ್ಯವೂ ಇದನ್ನೇ ಮಾಡಿದೆ. ಸೋಲಿಗಿತ್ತಿ ಸಂಕಮ್ಮನ ಪಾಡು, ಅವಳನ್ನು ಶಂಕಿಸಿ ಜೇನಿಗೆ ಹೋದ ಗಂಡ ನೀಲೇಗೌಡನ ಗರ್ವಭಂಗ, ಮಾದಪ್ಪನ ವರದಿಂದ ಹುಟ್ಟಿದ ಕಾರಯ್ಯ ಬಿಲ್ಲಯ್ಯ, ಇವು ಕಂಸಾಳೆಯವರ ಬಾಯಲ್ಲಿ ಕೇಳದ ಭಕ್ತರಿಲ್ಲ. ಸೋಲಿಗರು ಕಾರಯ್ಯನನ್ನು ತಮ್ಮ ಮೂಲಪುರುಷನೆನ್ನುತ್ತಾರೆ. ಮಾದಪ್ಪನ ವಾಹನವಾದ ಹುಲಿ ಅವರಿಗೆ ಹುಲಿವೀರಪ್ಪ.

ಇಂಥ ಕಟ್ಟುಗಳೆಲ್ಲ ಒಂದು ಹಂತದವರೆಗೆ ಸಾಕಾಗಿದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು, 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದ ಮೇಲೆ ಎದುರು ಪಕ್ಷ ಬದಲಾಯಿತು. ಬೇಟೆ ನಿಂತಿತು. ಕಾಡು ಕಡಿದು ಸುಟ್ಟು ರಾಗಿ ಬಿತ್ತಿ, ನೆಲ ದಣಿದಾಗ ಬೇರೆಡೆಗೆ ಸರಿಯುವ ಹಳೆಯ ಬೇಸಾಯ ನಿಂತಿತು. ಒಳಗಾಡಿನ ಪೋಡುಗಳನ್ನು ಎಬ್ಬಿಸಿ ರಸ್ತೆಬದಿಗೂ ಕಾಡಿನ ಅಂಚಿಗೂ ತರಲಾಯಿತು. ಬೇಸಗೆಯ ಆರಂಭದಲ್ಲಿ ಒಣಗಿದ ಎಲೆಗೆ ತೆಳುವಾಗಿ ಕೊಡುತ್ತಿದ್ದ ‘ತರಗು ಬೆಂಕಿ’ ಅಪರಾಧವಾಯಿತು. ಯಜಮಾನನು ತನ್ನ ಪೋಡಿನವರ ಜಗಳ ತೀರಿಸಬಲ್ಲನು. ಇಲಾಖೆಯ ಕಡತದೊಡನೆ ವಾದಿಸುವ ಭಾಷೆ ಅವನಲ್ಲಿರಲಿಲ್ಲ. ಅಕ್ಷರ ಬಲ್ಲವರೇ ವಿರಳವಾಗಿದ್ದ ಕಾಲ ಅದು. ಸಾಲಗಾರರಿಗೆ, ಕಾಡಿನ ಉತ್ಪನ್ನ ಕೊಳ್ಳುವ ವರ್ತಕರಿಗೆ ಅದು ಅನುಕೂಲವೇ ಆಗಿತ್ತು.

ಬೆಂಗಳೂರಿನ ತರುಣ ವೈದ್ಯ ಡಾ. ಎಚ್. ಸುದರ್ಶನ್ ಬೆಟ್ಟಕ್ಕೆ ಬಂದದ್ದು ಈ ಹೊತ್ತಿನಲ್ಲಿ. 1981ರಲ್ಲಿ ಅವರು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಮೊದಲು ಚಿಕಿತ್ಸೆ, ಆಮೇಲೆ ಮಕ್ಕಳಿಗೆ ಶಾಲೆ, ಅದರ ಬೆನ್ನಿಗೇ ಕಸುಬಿನ ತರಬೇತಿ. ಅವರಿಗೂ ಕೇಂದ್ರಕ್ಕೂ 1994ರಲ್ಲಿ ಸ್ವೀಡನ್ನಿನ ‘ರೈಟ್ ಲೈವ್ಲಿಹುಡ್’ ಪ್ರಶಸ್ತಿ, ಅವರಿಗೆ 2000ದಲ್ಲಿ ಪದ್ಮಶ್ರೀ ಸಂದವು. ಆಸ್ಪತ್ರೆ ಮತ್ತು ಶಾಲೆಗಳ ಕಥೆ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಅದಕ್ಕಿಂತ ಕಡಿಮೆ ಗಮನಕ್ಕೆ ಬಂದದ್ದು ಆ ವರ್ಷಗಳಲ್ಲಿ ಕಟ್ಟಿದ ಸಂಘಗಳು. ಪೋಡಿಗೊಂದು ಸಂಘ, ಅದರ ಮೇಲೆ ತಾಲ್ಲೂಕಿನ ಸಂಘ, ಅದರ ಮೇಲೆ ಜಿಲ್ಲಾ ಬುಡಕಟ್ಟು ಗಿರಿಜನ ಅಭಿವೃದ್ಧಿ ಸಂಘ. ಹಳೆಯ ನ್ಯಾಯಪಂಚಾಯಿತಿಯಲ್ಲಿ ಕೂರುತ್ತಿದ್ದ ಹಿರಿಯರೂ ಶಾಲೆ ಕಲಿತು ಬಂದ ಹುಡುಗರೂ ಒಂದೇ ಚಾಪೆಯ ಮೇಲೆ ಕೂರುವ ಸ್ಥಳ ಈ ಸಂಘಗಳಾದವು. ಅನುಭವ ಮಂಟಪದಲ್ಲಿ ಅವರವರ ಕಾಯಕದ ಅರಿವಿನಿಂದಲೇ ಶರಣರು ಮಾತಾಡಿದರೆಂಬುದನ್ನು ಬಲ್ಲವರಿಗೆ ಈ ಕೂಟದ ಮಹತ್ವವನ್ನು ವಿವರಿಸಬೇಕಾಗಿಲ್ಲ. ಜೇನು ಕೀಳುವವನು ಜೇನಿನ ಮಾತಾಡಿದನು. ಅರ್ಜಿ ಬರೆಯಬಲ್ಲವನು ಅದನ್ನು ಬರೆದುಕೊಂಡನು.

ಇದೇ ಕಾಲದಲ್ಲಿ ಬೆಟ್ಟದ ಆಚೆಗೆ, ಈಗಿನ ಹನೂರು ತಾಲ್ಲೂಕಿನ ಗೋಪಿನಾಥಂ ಭಾಗದಲ್ಲಿ, ಬೇರೊಂದು ಪ್ರಯೋಗ ನಡೆದಿತ್ತು. ಅದನ್ನು ಪಕ್ಕದಲ್ಲಿಟ್ಟು ನೋಡದೆ ಯಳಂದೂರಿನ ಕೆಲಸದ ತೂಕ ತಿಳಿಯದು. ಗೋಪಿನಾಥಂ ವೀರಪ್ಪನ್‌ನ ಹುಟ್ಟೂರು. ಆನೆದಂತ, ಶ್ರೀಗಂಧಗಳ ಕಳ್ಳಸಾಗಣೆಗೆ ಆ ಭಾಗದ ಹುಡುಗರೇ ಅವನ ಕೈಯಾಳುಗಳಾಗಿದ್ದರು. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಆ ಊರಿನಲ್ಲೇ ನೆಲೆನಿಂತು, ಔಷಧಿ, ಕುಡಿಯುವ ನೀರು, ರಸ್ತೆ, ಮನೆಗಳ ಕೆಲಸ ಹಿಡಿದು, ಊರಿನ ಮಾರಿಯಮ್ಮನ ಗುಡಿಯನ್ನೂ ಕಟ್ಟಿಸಿಕೊಟ್ಟರು. ಬಂದೂಕಿಗಿಂತ ನಂಬಿಕೆಯಿಂದ ತಂಡವನ್ನು ಒಡೆಯಬಹುದೆಂಬುದು ಅವರ ಎಣಿಕೆ. ಹಲವರು ತಂಡ ತೊರೆದು ಶರಣಾದರೂ ಕೂಡ. 1991ರ ನವೆಂಬರ್ 10ರಂದು, ವೀರಪ್ಪನ್‌ನ ತಮ್ಮ ಶರಣಾಗುತ್ತಾನೆಂಬ ಮಾತನ್ನು ನಂಬಿ ನಿರಾಯುಧರಾಗಿ ಹೋದ ಶ್ರೀನಿವಾಸರನ್ನು ಕೊಲ್ಲಲಾಯಿತು. ಮರುವರ್ಷ ಅವರಿಗೆ ಕೀರ್ತಿಚಕ್ರ ಬಂದಿತು. ಗೋಪಿನಾಥಂನ ಜನ ಅವರನ್ನು ಇಂದಿಗೂ ಮನೆದೇವರ ಸಾಲಿನಲ್ಲಿ ನೆನೆಯುತ್ತಾರೆ.

ಶ್ರೀನಿವಾಸರ ಎಣಿಕೆ ಹುರುಳಿಲ್ಲದ್ದಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಗಾಂಧಿವಾದಿ ಎಸ್. ಎನ್. ಸುಬ್ಬರಾವ್ ಅದೇ ದಾರಿಯಲ್ಲಿ ಚಂಬಲ್ ಕಣಿವೆಗೆ ಹೋಗಿದ್ದರು. ತರುಣರ ಶ್ರಮದಾನ ಶಿಬಿರಗಳಿಂದ ಮೊದಲು ನೆಲ ಹದಗೊಳಿಸಿ, 1972ರ ಏಪ್ರಿಲ್‌ನಲ್ಲಿ ಜೌರಾದಲ್ಲಿ ಜಯಪ್ರಕಾಶ ನಾರಾಯಣರ ಸಮ್ಮುಖದಲ್ಲಿ ಡಕಾಯಿತರು ಆಯುಧ ಒಪ್ಪಿಸುವುದಕ್ಕೆ ನೆರವಾದವರು ಅವರು. 2021ರಲ್ಲಿ ತೀರಿಕೊಳ್ಳುವವರೆಗೂ ರಾಷ್ಟ್ರೀಯ ಯುವ ಯೋಜನೆಯ ಶಿಬಿರಗಳಲ್ಲಿ ಬೇರೆ ಬೇರೆ ನುಡಿ ಮತಗಳ ಹುಡುಗರನ್ನು ಒಂದೇ ಸಾಲಿನಲ್ಲಿ ಕೂರಿಸಿ ಹಾಡಿಸುತ್ತಿದ್ದರು. ಚಂಬಲ್‌ಗೂ ಗೋಪಿನಾಥಂಗೂ ಒಂದು ಅಂತರವಿದೆ. ಅಲ್ಲಿ ಆಶ್ರಮವಿತ್ತು, ಶಿಬಿರದಿಂದ ಶಿಬಿರಕ್ಕೆ ಬರುವ ಕಾರ್ಯಕರ್ತರಿದ್ದರು. ಇಲ್ಲಿ ಒಬ್ಬ ಅಧಿಕಾರಿ ಇದ್ದರು. ಅವರು ಬಿದ್ದ ದಿನ ಅವರ ಕೆಲಸವನ್ನು ಎತ್ತಿಕೊಳ್ಳುವ ಸಂಘವೊಂದು ಊರಿನಲ್ಲಿರಲಿಲ್ಲ.

ಆಮೇಲೆ ಬಂದದ್ದು ಭಯದ ದಶಕ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತರು. ಕರ್ನಾಟಕ ಮತ್ತು ತಮಿಳುನಾಡುಗಳ ವಿಶೇಷ ಕಾರ್ಯಪಡೆ ಕಾಡನ್ನು ಸುತ್ತಿತು. ಅಕ್ಕಿ ಕೊಟ್ಟರೆ ಪೊಲೀಸರಿಗೆ ಅಪರಾಧಿ, ಕೊಡದಿದ್ದರೆ ವೀರಪ್ಪನ್‌ಗೆ ಶತ್ರು. ಬೆಟ್ಟದಂಚಿನ ಹಳ್ಳಿಗರೂ ಸೋಲಿಗರೂ ನಡುವೆ ಸಿಕ್ಕರು. ಕಾರ್ಯಪಡೆಯ ಹಿಂಸೆಯ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ವೀರಪ್ಪನ್ 2004ರ ಅಕ್ಟೋಬರ್‌ನಲ್ಲಿ ಹತನಾದನು. 2007ರಲ್ಲಿ ಆಯೋಗವು 89 ಮಂದಿ ಬಾಧಿತರಿಗೆ 2.80 ಕೋಟಿ ರೂಪಾಯಿ ಪರಿಹಾರವನ್ನು ಹೇಳಿತು. ಆ ವೇಳೆಗೆ ಒಂದು ಪೀಳಿಗೆ ಬೂಟುಗಾಲಿನ ಸದ್ದು ಕೇಳುತ್ತಲೇ ಬೆಳೆದಿತ್ತು.

ಇಷ್ಟೆಲ್ಲ ನಡೆದೂ ಬಿಳಿಗಿರಿಯ ಪೋಡುಗಳಲ್ಲಿ ಸಂಘದ ಸಭೆಗಳು ನಿಲ್ಲಲಿಲ್ಲ. ತೊಂಬತ್ತರ ದಶಕದಲ್ಲಿ ಕಲ್ಯಾಣ ಕೇಂದ್ರದ ಜೊತೆಗೆ ಬೆಂಗಳೂರಿನ ‘ಏಟ್ರೀ’ ಪರಿಸರ ಸಂಶೋಧನಾ ಸಂಸ್ಥೆ ಕೆಲಸಕ್ಕೆ ಸೇರಿತು. ಗಿರಿಜನರ ಸಹಕಾರ ಸಂಘಗಳಾದ ‘ಲ್ಯಾಂಪ್ಸ್’ ಮೂಲಕ ಜೇನು, ನೆಲ್ಲಿ, ಸೀಗೆ, ಅಂಟುವಾಳ, ಕಲ್ಲುಹೂ ಮಾರಾಟವಾಗುತ್ತಿದ್ದವು. ಯಾವ ಕಾಡಿನಲ್ಲಿ ನೆಲ್ಲಿ ಎಷ್ಟು ಬಿಟ್ಟಿದೆ, ಎಷ್ಟು ಕಿತ್ತರೆ ಮರಕ್ಕೆ ಕೇಡಿಲ್ಲ ಎಂಬುದನ್ನು ಸೋಲಿಗರೇ ಎಣಿಸಿ ಬರೆಯುವ ಪದ್ಧತಿ ಬೆಳೆಯಿತು. ಸಂಶೋಧಕರು ಕೊಯ್ಲಿನ ಮೇಲೆ ಕಣ್ಣಿಟ್ಟಿದ್ದರೆ ಹಿರಿಯ ಸೋಲಿಗರು ಬೇರೆಯದೇ ಮಾತು ಹೇಳಿದರು. ನೆಲ್ಲಿಯನ್ನು ಕೊಲ್ಲುತ್ತಿರುವುದು ಕೀಳುವ ಕೈಯಲ್ಲ, ಮರದ ಮೇಲೆ ಕೂತು ಹೀರುವ ‘ಉಪ್ಪಿಲು’ ಎಂಬ ಬಂದಳಿಕೆ. ತರಗು ಬೆಂಕಿ ನಿಂತಮೇಲೆ ಅದೂ ಹೆಚ್ಚಿತು, ಲಂಟಾನವೂ ಕಾಡು ತುಂಬಿತು ಎಂದರು. ಬಂದಳಿಕೆಯ ಹಾವಳಿ ದೊಡ್ಡದೆಂಬುದನ್ನು ಮುಂದಿನ ಅಧ್ಯಯನಗಳೂ ಕಂಡುಕೊಂಡವು. ಅಕ್ಷರವಿಲ್ಲದ ಅಜ್ಜನ ಮಾತು ಅಚ್ಚಿನ ಪ್ರಬಂಧದಲ್ಲಿ ನಿಂತದ್ದನ್ನು ಶಾಲೆ ಕಲಿತ ಮೊಮ್ಮಗನು ಓದಿದನು. ಮುಂದೆ ಆದದ್ದಕ್ಕೆ ಇದು ಬೀಜ.

2006ರಲ್ಲಿ ಪೆಟ್ಟು ಬಿದ್ದಿತು. ವನ್ಯಜೀವಿ ಕಾಯಿದೆಯ 2002ರ ತಿದ್ದುಪಡಿಯ ಆಧಾರದಲ್ಲಿ ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದು ನಿಂತುಹೋಯಿತು. ಬೇಸಾಯ ಮೊದಲೇ ಕೈಬಿಟ್ಟಿತ್ತು. ಈಗ ಜೇನು ನೆಲ್ಲಿಯ ದುಡ್ಡೂ ನಿಂತಿತು. ತರುಣರು ಕಾಫಿ ತೋಟಗಳಿಗೆ, ದೂರದ ಊರುಗಳಿಗೆ ಕೂಲಿಗೆ ಹೊರಟರು. ಕಾಡಿಗೆ ಬೆಂಕಿ ಬಿದ್ದಾಗಲೆಲ್ಲ ಬೆರಳು ಪೋಡಿನ ಕಡೆಗೆ ತಿರುಗುತ್ತಿತ್ತು. ವೀರಪ್ಪನ್ ಸತ್ತು ಎರಡು ವರ್ಷವೂ ಸರಿಯಾಗಿ ತುಂಬದ ಕಾಡಿನಲ್ಲಿ, ಕೆಲಸ ಕಳೆದುಕೊಂಡು ಸಿಟ್ಟಾದ ಹುಡುಗರು ಯಾವ ದಾರಿಯನ್ನಾದರೂ ಹಿಡಿಯಬಹುದಾಗಿತ್ತು. ಬೇರೆ ರಾಜ್ಯಗಳ ಕಾಡುಗಳಲ್ಲಿ ಅಂಥ ಹುಡುಗರ ಕೈಗೆ ಬಂದೂಕು ಕೊಡುವವರಿಗೆ ಬರವಿರಲಿಲ್ಲ.

ಸೋಲಿಗ ತರುಣರು ಹಿಡಿದದ್ದು ನಕ್ಷೆಯನ್ನು.

ಸೋಲಿಗರ ಕಾಡು ಕುಲಗಳಿಗೆ ಸೇರಿದ ‘ಎಲ್ಲೆ’ಗಳಾಗಿ ಹಂಚಿದೆ. ಎಲ್ಲೆಯಲ್ಲಿ ದೇವರ ನೆಲೆ, ಮಾರಮ್ಮನ ನೆಲೆ, ವೀರರ ನೆಲೆ, ಪೂರ್ವಿಕರ ಕಲ್ಲುಗುಡಿ, ನೀರಿನ ಅಬ್ಬಿ ಇರುತ್ತವೆ. ಇವೆಲ್ಲ ಹಿರಿಯರ ನೆನಪಿನಲ್ಲಿದ್ದವೇ ಹೊರತು ಸರಕಾರದ ಯಾವ ಪಟದಲ್ಲೂ ಇರಲಿಲ್ಲ. ಪೋಡುಗಳನ್ನು ಎಬ್ಬಿಸಿ ಮೂವತ್ತು ವರ್ಷ ಕಳೆದಿದ್ದುದರಿಂದ ಎಷ್ಟೋ ನೆಲೆಗಳಿಗೆ ದಾರಿಯೇ ಮುಚ್ಚಿತ್ತು. ಸೋಲಿಗರ ಸಂಘವೂ ಏಟ್ರೀಯ ಸಂಶೋಧಕರೂ ಕೂಡಿ ಈ ನೆಲೆಗಳನ್ನು ಗುರುತಿಸಲು ಹೊರಟರು. ಹಿರಿಯರು ಲಂಟಾನದ ಪೊದೆಯೊಳಗೆ ದಾರಿ ಬಿಡಿಸುತ್ತ ಮುಂದೆ ನಡೆದರು. ಹೆಸರು, ಕುಲ, ಕಥೆಗಳನ್ನು ಹೇಳಿದರು. ಓದು ಕಲಿತವರು ಉಪಗ್ರಹದ ಸಂಕೇತ ಹಿಡಿಯುವ ಜಿಪಿಎಸ್ ಸಾಧನದಲ್ಲಿ ಜಾಗವನ್ನು ಗುರುತುಮಾಡಿಕೊಂಡರು. ಹೀಗೆ ನಾನೂರಕ್ಕೂ ಹೆಚ್ಚು ನೆಲೆಗಳು ಪಟಕ್ಕೆ ಇಳಿದವು. ಭಾರ್ಗವಿ ಹೊಳೆಯ ದಡದ, ಬುಡದಲ್ಲಿ ಲಿಂಗಗಳ ಸಾಲು ಹೊತ್ತ ದೊಡ್ಡಸಂಪಿಗೆ ಮರ ಪ್ರವಾಸಿಗಳಿಗೂ ಗೊತ್ತಿರುವ ನೆಲೆ. ಉಳಿದವುಗಳಲ್ಲಿ ಬಹುಪಾಲಿನ ಹೆಸರನ್ನು ಹೊರಗಿನವರು ಕೇಳಿಯೂ ಇರಲಿಲ್ಲ. ಈ ಕೆಲಸದ ಮುಂದಾಳುಗಳಲ್ಲಿ ಒಬ್ಬರು ಸೋಲಿಗರೇ ಆದ ಸಿ. ಮಾದೇಗೌಡ, ಸಮಾಜಕಾರ್ಯ ಓದಿ ಮುಂದೆ ಡಾಕ್ಟರೇಟ್ ಪಡೆದವರು.

ಈ ನಡಿಗೆಯಿಂದ ಎರಡು ಜಗಳಗಳು ಒಟ್ಟಿಗೇ ತಣಿದವು ಎನ್ನಬೇಕು. ಮೊದಲನೆಯದು ಮನೆಯೊಳಗಿನದು. ಶಾಲೆ ಕಲಿತ ಮಗನಿಗೆ ಕಾಡಿನ ಅಪ್ಪನು ಹಿಂದುಳಿದವನಾಗಿ ಕಾಣುವುದು, ಅಪ್ಪನಿಗೆ ಮಗನು ಪರಕೀಯನಾಗುವುದು ಎಲ್ಲ ಊರಿನ ಕಥೆ. ಇಲ್ಲಿ ಮಗನ ವಿದ್ಯೆಯು ಅಪ್ಪನ ವಿದ್ಯೆಯಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗದಂತಾಯಿತು. ಎರಡನೆಯದು ಇಲಾಖೆಯೊಡನೆ. ‘ಕಾಡು ನಮ್ಮದು’ ಎಂಬ ಕೂಗಿಗೆ ‘ಅಲ್ಲ’ ಎಂಬ ಎದುರುಕೂಗು ಸುಲಭ. ಇಂಥ ಅಬ್ಬಿ, ಇಂಥ ಕುಲದ್ದು, ಇಲ್ಲಿದೆ ನೋಡಿ ಎಂದು ಪಟ ಹರಡಿದಾಗ ಅಧಿಕಾರಿಯೂ ಬಗ್ಗಿ ನೋಡಲೇಬೇಕು. ಮಾತು ಶುರುವಾಗುವುದು ಹಾಗೆ ಬಗ್ಗಿದಾಗ.

ಸಂಸತ್ತು 2006ರ ಡಿಸೆಂಬರ್‌ನಲ್ಲಿ ಅರಣ್ಯ ಹಕ್ಕು ಕಾಯಿದೆಯನ್ನು ಒಪ್ಪಿತು. 2008ರ ಜನವರಿಯಲ್ಲಿ ಅದರ ನಿಯಮಗಳು ಬಂದವು. ಹಕ್ಕು ಕೇಳಬೇಕಾದದ್ದು ಗ್ರಾಮಸಭೆ, ಸಾಕ್ಷಿ ಒದಗಿಸಬೇಕಾದದ್ದೂ ಗ್ರಾಮಸಭೆ. ಪೋಡು ಪೋಡಿನಲ್ಲಿ ಕಾಯಿದೆಯನ್ನು ಕನ್ನಡದಲ್ಲಿ ಓದಿ ಹೇಳುವುದು, ಸಮಿತಿ ರಚಿಸುವುದು, ನಮೂನೆ ತುಂಬುವುದು, ಹಿರಿಯರ ಹೇಳಿಕೆ ಬರೆದುಕೊಳ್ಳುವುದು, ಇಂಥ ಬೇಸರದ ಕೆಲಸದಲ್ಲಿ ವರ್ಷಗಳು ಕಳೆದವು. ಅಷ್ಟರಲ್ಲಿ 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಮತ್ತೊಮ್ಮೆ ಒಕ್ಕಲೆಬ್ಬಿಸುತ್ತಾರೆಂಬ ಅಂಜಿಕೆ ಪೋಡುಗಳಲ್ಲಿ ಹರಡಿತು. ಪ್ರತಿಭಟನೆಗಳು ನಡೆದವು, ಕಾನೂನಿನ ದಾರಿಯನ್ನು ಮಾತ್ರ ಯಾರೂ ಬಿಡಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕಿನ ಪತ್ರಗಳು ಬಂದವು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಡಲಿನಲ್ಲಿ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲೆಂದು ಆಗ ಹೆಸರಾಯಿತು.

ಹಕ್ಕು ಬಂದ ಬೆನ್ನಿಗೆ ಅವರು ಕೂತು ಬರೆದದ್ದು ಹುಲಿಯನ್ನು ಉಳಿಸುವ ಯೋಜನೆ. ಸಮುದಾಯದ ನೆಲೆಯಲ್ಲಿ ಕಾಡನ್ನು ಕಾಯುವುದು ಹೇಗೆ, ಲಂಟಾನ ತೆಗೆಯುವುದು ಹೇಗೆ, ಬೆಂಕಿಯನ್ನು ಯಾವ ಕಾಲಕ್ಕೆ ಯಾವ ಬಗೆಯಲ್ಲಿ ಬಳಸಬೇಕು ಎಂಬುದನ್ನು ಸಂಶೋಧಕರ ನೆರವಿನಿಂದ ಯೋಜನೆಯಾಗಿ ಬರೆದು ಮುಂದಿಟ್ಟರು. ಎದುರು ಪಕ್ಷದ ಆತಂಕವನ್ನು ತಾವೇ ಎತ್ತಿಕೊಂಡು ಉತ್ತರ ಹುಡುಕುವುದು ನುರಿತ ಮಧ್ಯಸ್ಥರಿಗೂ ಸುಲಭಸಾಧ್ಯವಲ್ಲ. 2010 ಮತ್ತು 2014ರ ನಡುವೆ ಬಿಳಿಗಿರಿಯ ಹುಲಿಗಳ ಸಂಖ್ಯೆ 35ರಿಂದ 68ಕ್ಕೆ ಏರಿತೆಂದು ವರದಿಯಾದಾಗ ಸೋಲಿಗರು ಆ ಅಂಕಿಯನ್ನು ತಮ್ಮ ಪಕ್ಷದ ಸಾಕ್ಷಿಯೆಂದು ಸಭೆಗಳಲ್ಲಿ ಎತ್ತಿ ಹೇಳಿದರು.

ವ್ಯಾಜ್ಯ ಪೂರ್ತಿ ತೀರಿತೆಂದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಹಕ್ಕುಪತ್ರದಲ್ಲಿ ಬರೆದದ್ದಕ್ಕೂ ಕಾಡಿನ ತನಿಖಾ ಠಾಣೆಯಲ್ಲಿ ನಡೆಯುವುದಕ್ಕೂ ಅಂತರ ಉಳಿಯಿತು. ಕಿತ್ತ ಜೇನನ್ನು ಸಾಗಿಸಲು ಯಾರ ಪರವಾನಗಿ ಬೇಕು, ಕಾಡಿನ ನಿರ್ವಹಣೆಯಲ್ಲಿ ಗ್ರಾಮಸಭೆಯ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆಗಳು 2011ರ ನಂತರವೂ ಮತ್ತೆ ಮತ್ತೆ ಎದ್ದವು. ತರಗು ಬೆಂಕಿಯ ವಿಷಯದಲ್ಲಂತೂ ಇಲಾಖೆಯೂ ಸೋಲಿಗರೂ ಒಂದೇ ಮಾತಿಗೆ ಬಂದವರಲ್ಲ. ಆದರೆ ಆ ಪ್ರಶ್ನೆಗಳನ್ನು ಎತ್ತುವ ಸಭೆಗೆ ಹೋಗುವಾಗ ಯಜಮಾನನು ಒಬ್ಬನೇ ಹೋಗುವುದಿಲ್ಲ. ಹಕ್ಕುಪತ್ರದ ಪ್ರತಿಯನ್ನೂ ಎಲ್ಲೆಗಳ ಪಟವನ್ನೂ ಚೀಲದಲ್ಲಿಟ್ಟುಕೊಂಡು ಓದು ಬಲ್ಲ ಹುಡುಗನೋ ಹುಡುಗಿಯೋ ಜೊತೆಗಿರುತ್ತಾರೆ.